ಗ್ರಾಮ ಕಿರಣ ಪಥಕಂ

ಆಕಾಶದಲ್ಲಿ ಏನು ಸಿಡಿದರೂ ನಾನು ಮಾತ್ರ ಸಿಗ್ನಲ್ ಇಲ್ಲದ ಜಾಗದಲ್ಲೇ ಇರುತ್ತೇನೆ. ರಾಯದುರ್ಗದ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವುದರ ಜೊತೆಗೆ, ಬಾಹ್ಯಾಕಾಶ ದೂರದರ್ಶಕದ ತಂಡವೊಂದರಲ್ಲಿ ಪಾಳಿಯ ಕೆಲಸವನ್ನೂ ಒಪ್ಪಿಕೊಂಡಿದ್ದೇನೆ. ಎಲ್ಲೋ ದೊಡ್ಡ ನಕ್ಷತ್ರವೊಂದು ಸಾಯುವಾಗ ಗಾಮಾ ಕಿರಣ ಚಿಮ್ಮುತ್ತದೆ, ನಾವು ಅದನ್ನು ಬರ್ಸ್ಟ್ ಅನ್ನುತ್ತೇವೆ; ದೂರದರ್ಶಕ ಅದನ್ನು ಹಿಡಿದು ನನ್ನ ಫೋನಿಗೆ ಸುದ್ದಿ ಕಳಿಸುತ್ತದೆ. ನಿಜವೇ ಎಂದು ನೋಡಿ ನಾನು ಹೂಂ ಅಂದರೆ, ಸಿಡಿದ ಮೇಲೆ ಉಳಿಯುವ ಬೆಳಕು ಹಿಡಿಯಲು ಬೇರೆ ದೂರದರ್ಶಕಗಳು ಅತ್ತ ತಿರುಗುತ್ತವೆ. ಆ ಬೆಳಕು ಬೇಗ ಮಂಕಾಗುತ್ತದೆ. ನನ್ನ ಹೂಂ ತಡವಾದರೆ ಮುಗಿಯಿತು.

೧. ಸ್ಟೆಪ್ನಿ

ಮೊದಲನೆಯ ಸುದ್ದಿ ಬಂದಾಗ ಗುಮ್ಮಘಟ್ಟದ ಶೇರ್ ಆಟೋದಲ್ಲಿದ್ದೆ. ಪಕ್ಕದಲ್ಲಿ ಒಂದು ಕುರಿ. ಖುಷಿ ತಡೆಯಲಾರದೆ ತಂಡದವರಿಗೆ ಫೋನಿನಲ್ಲಿ "ಬರ್ಸ್ಟ್ ಆಯ್ತು! ಬರ್ಸ್ಟ್ ಆಯ್ತು!" ಎಂದು ಕೂಗಿದೆ.

ಆಟೋ ಗಕ್ಕನೆ ನಿಂತಿತು. ಕುರಿ ಸಮೇತ ಎಲ್ಲರೂ ಇಳಿದರು. ಆಟೋದವರು ಮೂರೂ ಟೈರ್ ಒದ್ದು ನೋಡಿ, "ಯಾವುದ್ರೀ ಮೇಡಂ?" ಅಂದರು.

"ಟೈರ್ ಅಲ್ರಿ, ನಕ್ಷತ್ರ!"

ನಿಂತದ್ದೂ ಸರಿಯಾಗಿ ಸಿಗ್ನಲ್ ಇಲ್ಲದ ತಗ್ಗಿನಲ್ಲಿ. ಕುರಿ ಮತ್ತೆ ಹತ್ತಲು ಒಪ್ಪುವಷ್ಟರಲ್ಲಿ ನನ್ನ ಬೆಳಕು ಹೋಗಿತ್ತು. ಈಗಲೂ ಸ್ಟ್ಯಾಂಡಿನಲ್ಲಿ ಕಂಡರೆ ಅವರು ಕೇಳುವುದು ಒಂದೇ: "ಮೇಡಂ, ನಕ್ಷತ್ರಕ್ಕ ಸ್ಟೆಪ್ನಿ ಹಾಕಿದ್ರೇನ್ರಿ?"

೨. ಫೇಡ್

ಎರಡನೆಯದು ಬಂದ ಬೆನ್ನಲ್ಲೇ ಮನೆಯಲ್ಲಿ ಕರೆಂಟು ಹೋಯಿತು, ನೆಟ್ಟೂ ಹೋಯಿತು. ಕೆಳಗೆ ನಮ್ಮ ಮನೆ ಓನರ್ ಅವರದೇ ಜೀನ್ಸ್ ಯೂನಿಟ್; ಅಲ್ಲಿ ಜನರೇಟರ್ ಇತ್ತು. ಓಡಿದೆ. "ಸಾವ್ಕಾರ್ರ, ವೈಫೈ ಕೊಡ್ರಿ, ಫೇಡ್ ಆಗಾಕತ್ತೈತಿ!"

"ಎಷ್ಟು ಪೀಸು?"

"ಒಂದೇ ಪೀಸ್ರಿ!"

"ಒಂದ್ ಪೀಸಿಗೆ ಯಾಕ ಇಷ್ಟು ಗಾಬರಿ? ಫೇಡ್ ಆದಷ್ಟೂ ರೇಟ್ ಜಾಸ್ತಿ."

"ಅಯ್ಯೋ, ಅದು ನಕ್ಷತ್ರ ರೀ!"

"ಹೌದಾ? ಆ ಬ್ರ್ಯಾಂಡ್ ಯಾವ ಊರಿಂದ್ರಿ?"

ಬಿಡಿಸಿ ಹೇಳುವಷ್ಟರಲ್ಲಿ ಈ ಸಲವೂ ಬೆಳಕು ಕೈತಪ್ಪಿತು. "ಇನ್ನೊಂದು ಹೋದರೆ ನಿನ್ನ ಪಾಳಿ ಬೇರೆಯವರಿಗೆ" ಎಂದು ತಂಡದ ಹಿರಿಯರು ಖಡಾಖಂಡಿತವಾಗಿ ಹೇಳಿಬಿಟ್ಟರು. ಫೋನಿಟ್ಟು ಕೂತು ಅತ್ತುಬಿಟ್ಟೆ. ಈ ಕೆಲಸವೆಂದರೆ ನನಗೆ ಪ್ರಾಣ.

೩. ಸರ್ವರ್

ಮೂರನೆಯದು ಬಂದದ್ದು ನನ್ನ ತವರು ಮಡಕಶಿರದಲ್ಲಿ. ಗಾಮಾ ಕಿರಣದ ಬಗ್ಗೆ ಭಾಷಣಕ್ಕೆ ಕರೆದಿದ್ದರು. ಬ್ಯಾನರ್ ಮಾಡಿದವರು 'ಗಾಮಾ' ತಪ್ಪೆಂದು ತಿಳಿದು 'ಗ್ರಾಮ ಕಿರಣ' ಎಂದು ತಿದ್ದಿದ್ದರು. ತೆಲುಗು ಗಡಿಯ ನಮ್ಮ ಕಡೆ ಇಂಥ ಹೆಸರು ಕಂಡರೆ ಅದು ಸರ್ಕಾರದ ಹೊಸ ಪಥಕಂ, ಅಂದರೆ ಯೋಜನೆಯೇ. ಹಾಲ್ ತುಂಬಾ ಜನ, ಎಲ್ಲರ ಕೈಯಲ್ಲೂ ಆಧಾರ್ ಜೆರಾಕ್ಸ್.

ವೇದಿಕೆಯ ಮೇಲೆ ಊರಿನ ಲೀಡರ್ ಪಕ್ಕ ಕೂತಿದ್ದಾಗ ಫೋನ್ ಕಿರುಚಿತು. ಕಾದು ಬೇಸತ್ತ ಜನವೆಲ್ಲ ವಿಡಿಯೋ ನೋಡುತ್ತಿದ್ದರಿಂದ ನೆಟ್ ತೆವಳುತ್ತಿತ್ತು. "ಬಂತು!" ಅಂದೆ.

"ಏನಮ್ಮಾ ಬಂತು?" ಎಂದರು ಲೀಡರ್.

"ಗಾಮಾ ಕಿರಣ ಸಾರ್. ಕೋಟ್ಯಂತರ ವರ್ಷದ ಹಿಂದೆ ಹೊರಟಿದ್ದು, ಈಗ ಬಂತು."

ಅವರು ಮೈಕ್ ಎಳೆದುಕೊಂಡರು. "ಕೇಳುದ್ರಾ? ಹಿಂದಿನ ಸರ್ಕಾರದೋರು ಇಷ್ಟು ವರ್ಷ ತಡೆ ಹಿಡಿದಿದ್ದ ಗ್ರಾಮ ಕಿರಣ ನಮ್ ಕಾಲದಾಗೆ ಬಂದೈತೆ!"

"ಎಲ್ಲಿ ಕೊಡ್ತಾರೆ?" ಎಂದು ಯಾರೋ ಕೂಗಿದರು. ಇನ್ಯಾರೋ "ಸಚಿವಾಲಯದಾಗೆ!" ಅಂದರು. ಪಿಂಚಣಿ, ಮನೆ, ಏನೇ ಬಂದರೂ ನಮ್ಮಲ್ಲಿ ಬೀದಿ ಕೊನೆಯ ಆ ವಾರ್ಡ್ ಆಫೀಸಿನಲ್ಲೇ. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಹಾಲ್ ಖಾಲಿ. ಜನರಿಲ್ಲದ ಕಡೆ ಲೀಡರಿಗೇನು ಕೆಲಸ? ಅವರೂ ಹೋದರು.

ಅಷ್ಟೂ ಫೋನುಗಳು ಹೋದದ್ದೇ ತಡ, ನನ್ನ ನೆಟ್ ಕುದುರೆಯಂತೆ ಓಡಿತು. ನೋಡಿದೆ, ನಿಜವೇ. ಹೂಂ ಅಂದೆ. ಸ್ವಲ್ಪ ಹೊತ್ತಿಗೆ ಹಿರಿಯರ ಮೆಸೇಜ್ ಬಂತು: "ಬೆಳಕು ಸಿಕ್ಕಿತು. ಪಾಳಿ ನಿನ್ನದೇ."

ಕುಣಿಯುತ್ತಾ ಹೊರಬಂದೆ. ಸಚಿವಾಲಯದ ಕಡೆಯಿಂದ ಅಜ್ಜಿಯೊಬ್ಬರು ಬರುತ್ತಿದ್ದರು.

"ಏನವ್ವಾ, ಅಷ್ಟೊಂದು ಖುಷಿ?"

"ಗಾಮಾ ಕಿರಣ ಸಿಕ್ತು ಅಜ್ಜಿ!"

ಅಜ್ಜಿ ಜೆರಾಕ್ಸನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಓದಿರೋರ್ಗೆ ಬಿಡವ್ವಾ, ಎಲ್ಲಾ ಮೊದ್ಲೇ ಸಿಗ್ತದೆ. ನಮ್ಗೆ ಸರ್ವರ್ ಡೌನ್ ಅಂತೆ, ನಾಳಿಕ್ಕೆ ಬರ್ಬೇಕಂತೆ."