ಶ್ರುತಿಯ ವಿನಯಕ್ಕೆ ನಿಂತ ಪಂಪು

ಹೆಮ್ಮೆ ಪಡಬಾರದೆಂದು ಹಿರಿಯರು ಹೇಳಿದ್ದಾರೆ. ಅವರಿಗೆ ಪಡುವ ಸಂದರ್ಭವೇ ಬಂದಿರಲಿಕ್ಕಿಲ್ಲ ಎಂದು ನನ್ನ ಅನುಮಾನ. ನನಗೆ ಬಂತು, ಹೊಟ್ಟೆ ತುಂಬ ಪಟ್ಟೆ. ಮೂಡುಬಿದಿರೆಯ ಕಾಲೇಜೊಂದರಲ್ಲಿ ನಾನು ಚಿಪ್ ವಿನ್ಯಾಸ ಕಲಿಸುವವಳು. ಚಿಪ್ ಹೇಗೆ ನಡೆದುಕೊಳ್ಳಬೇಕೆಂದು ಕಂಪ್ಯೂಟರಿನಲ್ಲಿ ಬರೆದಿಡುವುದೇ ನಮ್ಮ ಕಸುಬು. ಈ ಸಲ ನನ್ನ ವಿದ್ಯಾರ್ಥಿಗಳಾದ ನೆರಿಯದ ರಕ್ಷಿತ್ ಮತ್ತು ಪೊಳಲಿಯ ಶ್ರುತಿ ಸೇರಿ ಟ್ಯಾಂಕಿಗೆ ನೀರು ತುಂಬಿಸುವ ಪಂಪಿನ ಚಿಪ್ ಬರೆದಿದ್ದರು. ಎಚ್ಚರಿಕೆಯ ಗಂಟೆಯ ಫೈಲು ಅವನದು, ಪಂಪಿನ ಫೈಲು ಅವಳದು. ಬಿಡಿಬಿಡಿಯಾಗಿ ಎರಡೂ ಅಪ್ಪಟ ಚಿನ್ನ. ಹೊರಗಿನ ಪರೀಕ್ಷಕರು ಬಂದು ಕೂತ ಮೇಲೆ ಎರಡನ್ನೂ ಒಟ್ಟಿಗೆ ಕಂಪೈಲ್ ಮಾಡಿ, ಅಂದರೆ ಕಂಪ್ಯೂಟರಿಗೆ ಅರ್ಥವಾಗುವ ರೂಪಕ್ಕೆ ತಂದು, ನಡೆಸಿದರೆ, ಗಂಟೆ ಬಾರಿಸಿದಷ್ಟೇ ಹೊತ್ತು ಓಡಿ ಪಂಪೂ ನಿಂತಿತು. ಪರದೆಯ ಮೇಲಿನ ಟ್ಯಾಂಕಿನ ತಳವೂ ಒದ್ದೆಯಾಗಲಿಲ್ಲ. “ಚಹಾ ಕುಡಿದು ಬರ್ತೇನೆ. ಅಷ್ಟರೊಳಗೆ ಸರಿಯಾದರೆ ಮಾರ್ಕ್ ಉಂಟು, ಇಲ್ಲದಿದ್ದರೆ ಇಲ್ಲ” ಎಂದು ಪರೀಕ್ಷಕರು ಎದ್ದರು. ಶ್ರುತಿಯ ಕಣ್ಣು ತುಂಬಿತು. ನನ್ನದೂ ತುಂಬುತ್ತಿತ್ತು, ಆದರೆ ಕಲಿಸುವವರಿಗೆ ಆ ಸೌಲಭ್ಯವಿಲ್ಲ.

ಅವಳ ಫೈಲು ತೆರೆದೆ. ಮೊದಲ ಸಾಲಲ್ಲೇ ಒಂದು ನಿರ್ದೇಶನ: ‘ಅವಧಿ’ ಎಷ್ಟೆಂದು ಮೊದಲೇ ಯಾರೂ ಹೇಳಿರದಿದ್ದರೆ ಮಾತ್ರ ಹತ್ತು ನಿಮಿಷ.

“ಇದೆಂಥದು ಮಾರಾಯ್ತಿ?”

“ಮೊದಲೇ ಯಾರಾದರೂ ಹೇಳಿದ್ದರೆ ನಾನು ಮಧ್ಯ ಬಾಯಿ ಹಾಕಿದ ಹಾಗೆ ಆಗ್ತದಲ್ಲ ಮೇಡಂ?”

ಕೂಡುಕುಟುಂಬದ ಹುಡುಗಿ, ಚಿಪ್‌ಗೂ ಮರ್ಯಾದೆ ಕಲಿಸಿದ್ದಳು. ಮೊದಲು ಕಂಪೈಲ್ ಆದದ್ದು ರಕ್ಷಿತನ ಫೈಲು. ಅದರಲ್ಲಿ ತನ್ನ ಗಂಟೆಗಾಗಿ, ‘ಅವಧಿ’ ಎಂಬ ಅದೇ ಹೆಸರಿನಲ್ಲಿ, ಐದು ಸೆಕೆಂಡೆಂದು ಅವನು ಬರೆದಿದ್ದ. ಒಟ್ಟಿಗೆ ಕಂಪೈಲ್ ಮಾಡಿದಾಗ ನಿರ್ದೇಶನವು ತನ್ನ ಫೈಲಿನೊಂದಿಗೆ ಮುಗಿಯುವುದಿಲ್ಲ, ಯಾರಾದರೂ ರದ್ದು ಮಾಡುವವರೆಗೆ ಮುಂದಿನ ಫೈಲಿಗೂ ನಡೆಯುತ್ತದೆ. ಶ್ರುತಿಯ ಪಂಪು ತಲೆಬಾಗಿ ಒಪ್ಪಿಕೊಂಡಿತ್ತು.

“ಒಂದೇ ಅಡುಗೆಮನೆಯಲ್ಲಿ ಮೊದಲು ಸೌಟು ಹಿಡಿದವರ ಮಾತೇ ನಡೆಯುವುದು. ಅಡುಗೆಮನೆ ಬೇರೆ ಮಾಡುವ!” ಎಂದು ಘೋಷಿಸಿ, ಎರಡು ಫೈಲುಗಳನ್ನೂ ಬೇರೆ ಬೇರೆ ಕಂಪೈಲ್ ಮಾಡಿ ಆಮೇಲೆ ಜೋಡಿಸಿದೆ. ಚಹಾ ಮುಗಿಸಿ ಬಂದ ಪರೀಕ್ಷಕರ ಕಣ್ಣೆದುರೇ ಟ್ಯಾಂಕು ಕಂಠಮಟ್ಟ ತುಂಬಿತು. “ಭಾರಿ ಲಾಯ್ಕ ಉಂಟು ಮೇಡಂ” ಎಂದರು. ಮಕ್ಕಳು ಕುಣಿದರು. ನಾನು ಗಾಂಭೀರ್ಯಕ್ಕಾಗಿ ಬಾಗಿಲು ಹಾಕಿಕೊಂಡು ಕುಣಿದೆ.

ಸಂಜೆ, ನಮ್ಮ ಜೈನರ ಮನೆಯ ಪದ್ಧತಿಯಂತೆ ಸೂರ್ಯ ಮುಳುಗುವ ಮೊದಲೇ ಊಟಕ್ಕೆ ಕೂತು, ಗಂಡನಿಗೆ ಈ ವಿಜಯವನ್ನು ಮತ್ತೊಮ್ಮೆ ವಿವರಿಸುತ್ತಿದ್ದೆ. ಬಡಿಸುತ್ತಿದ್ದ ಅತ್ತೆ ಕೇಳಿದರು, “ಅಡುಗೆಮನೆ ಬೇರೆ ಮಾಡಿದರೆ ಎಲ್ಲ ಸರಿಯಾಗ್ತದೆ ಅಂತ ಆ ಪರೀಕ್ಷಕರೂ ಒಪ್ಪಿದರಾ?”

“ಒಪ್ಪದೆ ಎಲ್ಲಿಗೆ ಹೋಗ್ತಾರೆ ಅತ್ತೆ!”

“ಒಳ್ಳೆದಾಯ್ತು. ಹಾಗಾದರೆ ನಾಳೆಯಿಂದ ನಿನ್ನದು ನೀನೇ ಬೇಯಿಸಿಕೊ.”

ಮದುವೆಯಾದಂದಿನಿಂದ ನಾನು ಒಲೆ ಹಚ್ಚಿದವಳಲ್ಲ. ಅತ್ತೆಯ ನೀರುದೋಸೆಯನ್ನು ಬೇಗ ನುಂಗಿ, “ಅದು ಚಿಪ್‌ಗೆ ಮಾತ್ರ ಅತ್ತೆ. ಮನುಷ್ಯರು ಒಟ್ಟಿಗೇ ಕಂಪೈಲ್ ಆಗಬೇಕು” ಎಂದು ವಿನಯದಿಂದ ಹೇಳಿ, ಇನ್ನೆರಡು ದೋಸೆಗೆ ತಟ್ಟೆ ಚಾಚಿದೆ.