ಹಿಮ ಬೀಳದ ಶನಿವಾರ

ಎಲ್ಲಕ್ಕೂ ಕಾರಣ ಗೌರೀಶ ಫೋನಿನಲ್ಲಿ ಬಿಟ್ಟ ಒಂದು ಬುರುಡೆ. "ಸ್ನೋನಲ್ಲಿ ಕಾರ್ ಓಡಿಸೋದು ನನಗೆ ನೀರು ಕುಡಿದಷ್ಟು ಸುಲಭ" ಎಂದು ಸಿಡ್ನಿಯಲ್ಲಿದ್ದ ಭಾವಮೈದುನ ಶಿವಪ್ರಕಾಶನಿಗೆ ಹೇಳಿಬಿಟ್ಟಿದ್ದ. ಅವನು ಅದನ್ನು ನಂಬಿ, ಮಕ್ಕಳ ಶಾಲೆಗೆ ರಜೆ ಸಿಕ್ಕಿದ್ದೇ ತಡ, ಸಂಸಾರ ಸಮೇತ ಶುಕ್ರವಾರ ಸಂಜೆ ಮೆಲ್ಬರ್ನಿಗೆ ಹಾರಿ ಕ್ರೇಗಿಬರ್ನಿನಲ್ಲಿದ್ದ ಗೌರೀಶನ ಮನೆಗೆ ಬಂದಿಳಿದ. ಶನಿವಾರ ಹಿಮದ ಬೆಟ್ಟ, ಭಾನುವಾರ ವಾಪಸ್ಸು.

ಗೌರೀಶ ಹಿಮವನ್ನು ಹತ್ತಿರದಿಂದ ಕಂಡಿದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ.

ಬೆಳಿಗ್ಗೆ ಎದ್ದವನೇ ಹವಾಮಾನದ ನಕ್ಷೆ ತೆರೆದ. ಅಧಿಕ ಒತ್ತಡದ ತಣ್ಣನೆಯ ಗಾಳಿ, ಉಂಡು ಮಲಗಿದ ಎಮ್ಮೆಯಂತೆ, ಜಪ್ಪಯ್ಯ ಅಂದರೂ ಏಳದ ಹಾಗೆ ವಿಕ್ಟೋರಿಯಾ ರಾಜ್ಯದ ಮೇಲೆ ಕೂತಿತ್ತು. ಅಂದರೆ ಮೋಡವಿಲ್ಲ, ಹಿಮವಿಲ್ಲ. ಗೌರೀಶನ ಎದೆ ಹಗುರವಾಯಿತು.

"ಅಯ್ಯೋ ಪ್ರಕಾಶ, ಕೋಲ್ಡ್ ಹೈ ಪ್ರೆಶರ್ ಕೂತ್ಬಿಟ್ಟಿದೆ. ಒಂದು ಚೂರೂ ಸ್ನೋ ಬೀಳಲ್ಲ. ಕ್ಯಾನ್ಸಲ್ ಮಾಡೋಣ."

ಅಷ್ಟರಲ್ಲಿ ಪಕ್ಕದ ಮನೆಯ ಮಂಗಳೂರಿನ ರೊವೀನಾ ಆಂಟಿ ಬಿಸಿ ಬನ್ಸ್ ಹಿಡಿದು ಒಳಬಂದರು.

"ಬೀಳದಿದ್ರೆ ಒಳ್ಳೇದೇ ಅಲ್ವಾ ಮಾರಾಯ! ಹೋದ ವಾರ ಬಿದ್ದದ್ದು ಬೆಟ್ಟದಲ್ಲಿ ಮೊಣಕಾಲಿನವರೆಗೆ ಉಂಟು. ಬಿಸಿಲೂ ಉಂಟು. ಇದಕ್ಕಿಂತ ಒಳ್ಳೆ ದಿನ ಬೇಕಾ? ನಿಲ್ಲು, ನಮ್ಮ ಮಗ ಲ್ಯಾನ್ಸ್‌ಲೊಟ್‌ನ ಚೈನ್ ಕೊಡ್ತೇನೆ."

ಹಿಮದ ರಸ್ತೆಯಲ್ಲಿ ಚಕ್ರಕ್ಕೆ ಸುತ್ತುವ ಚೈನ್ ಬಂತು. ಬೇಡಿ ಕಂಡ ಕಳ್ಳನಂತೆ ಗೌರೀಶ ಅದನ್ನೇ ನೋಡಿದ.

"ಭಾವ, ಹೇಗೆ ಹಾಕೋದು ಅಂತ ಈಗ್ಲೇ ತೋರಿಸಿ. ವಿಡಿಯೋ ಮಾಡ್ಕೋತೀನಿ," ಎಂದ ಶಿವಪ್ರಕಾಶ.

"ಅದಕ್ಕೇನಂತೆ!" ಎಂದು ಗೌರೀಶ ಚೈನನ್ನು ಹೆಗಲಿಗೇರಿಸಿ ಹೊಸಿಲು ದಾಟಿದ. ರಾತ್ರಿಯಿಡೀ ಮೋಡವಿಲ್ಲದ ಚಳಿಗೆ ಮರದ ಮೆಟ್ಟಿಲ ಮೇಲಿನ ಇಬ್ಬನಿ ಗಾಜಿನಂತೆ ಹೆಪ್ಪುಗಟ್ಟಿತ್ತು. ನಕ್ಷೆ ನೋಡಿದವನು ಮೆಟ್ಟಿಲು ನೋಡಲಿಲ್ಲ. ಶಿವಪ್ರಕಾಶನ ವಿಡಿಯೋದಲ್ಲಿ ಉಳಿದದ್ದು ಎರಡು ಚಪ್ಪಲಿ, ಒಂದು "ಅಮ್ಮಾ!"

"ಕಾಲು ಉಳುಕಿದೆ ಅಷ್ಟೇ. ಹತ್ತು ದಿನ ಕಾರ್ ಮುಟ್ಟಬಾರದು," ಎಂದರು ಡಾಕ್ಟರು. ಗೌರೀಶನಿಗೆ ಆ ಮಾತು ತೀರ್ಥ ಕುಡಿದಷ್ಟು ತಂಪಾಯಿತು. ಮನೆಗೆ ಬಂದು ಸೋಫಾದ ಮೇಲೆ ಕಾಲು ಚಾಚಿ, ಹೆಂಡತಿ ಕೃಪಾ ಕೊಟ್ಟ ಕಾಫಿ ಹೀರುತ್ತ, ಮುಖಕ್ಕೆ ಮಾತ್ರ ದುಃಖ ತಂದುಕೊಂಡ.

"ನನ್ನಿಂದ ನಿಮ್ಮ ಟ್ರಿಪ್ ಹಾಳಾಯ್ತಲ್ಲೋ ಪ್ರಕಾಶ. ಪಾಪ, ನಾಳೆ ಬರಿಗೈಲಿ ಹೋಗಬೇಕು."

"ಛೆ, ಬಿಡಿ ಭಾವ!" ಶಿವಪ್ರಕಾಶ ಅವನ ಕಾಲ ಕೆಳಗೆ ಇನ್ನೊಂದು ದಿಂಬಿಟ್ಟ. "ನಿಮ್ಮನ್ನ ಹೀಗೆ ಬಿಟ್ಟು ಹೋಗ್ತೀವಾ? ಮಕ್ಕಳಿಗೆ ಇನ್ನೂ ಎರಡು ವಾರ ರಜೆ ಇದೆ. ಟಿಕೆಟ್ ಆಗ್ಲೇ ಮುಂದಕ್ಕೆ ಹಾಕ್ಸಿದೆ. ಹನ್ನೊಂದನೇ ದಿನ ನೀವೇ ಓಡಿಸ್ತೀರಿ. ಅಷ್ಟೊತ್ತಿಗೆ ಈ ಹೈ ಪ್ರೆಶರೂ ಸರಿದು ಹೋಗಿ, ದಾರಿಯುದ್ದಕ್ಕೂ ಸ್ನೋ ಬೀಳ್ತಿರುತ್ತೆ!"