ಜೆಟ್ಟಿಗೆ ಮೂರು ಫೇಸ್ ಕರೆಂಟು

ತಿರುಗುವ ವಸ್ತು ಯಾವುದೇ ಇರಲಿ, ಅದು ನಿಧಾನವಾದರೆ ಅದಕ್ಕೆ ಕಾರಣ ವೋಲ್ಟೇಜು. ಸಿಂಧನೂರಿನಲ್ಲಿ ಪಂಪಸೆಟ್ ಮೋಟರು ರಿಪೇರಿ ಅಂಗಡಿ ಇಟ್ಟಿದ್ದ ನಾನು ಇದನ್ನು ವೇದವಾಕ್ಯವೆಂದು ನಂಬಿದ್ದೆ. ಆದ್ದರಿಂದ ಯುದ್ಧವಿಮಾನದ ವೇಗವನ್ನು ಪರೀಕ್ಷಿಸಲು ಇಡೀ ತಾಲೂಕಿನಲ್ಲಿ ನನಗಿಂತ ಯೋಗ್ಯ ವ್ಯಕ್ತಿ ಇರಲಿಲ್ಲ!

ಇದು ತೊಂಬತ್ತರ ದಶಕದ ಕೊನೆಯ ಮಾತು. ಬೀದರ ವಾಯುನೆಲೆಯ ಕಡೆಯಿಂದ ಯಾವಾಗಲೋ ಒಮ್ಮೆ ಜೆಟ್ ವಿಮಾನವೊಂದು ನಮ್ಮ ಕಾಲುವೆಯ ಮೇಲೆ ಹಾದುಹೋಗುತ್ತಿತ್ತು. ಸದ್ದು ಕೇಳಿ ತಲೆ ಎತ್ತುವಷ್ಟರಲ್ಲಿ ಅದು ಮಸ್ಕಿ ದಾಟಿರುತ್ತಿತ್ತು. ನಾವು ಬಸ್ಸಿನಲ್ಲಿ ಮಸ್ಕಿಗೆ ಹೋಗುವಷ್ಟರಲ್ಲಿ ಒಂದು ನಿದ್ದೆ ಮುಗಿಯುತ್ತದೆ. ಹಾಗಾದರೆ ಇದು ಎಷ್ಟು ಜೋರು ಹೋಗುತ್ತದೆ? ಊಟ ಮಾಡುವಾಗಲೂ ಇದೇ ಯೋಚನೆ.

ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ನನ್ನ ಹೆಂಡತಿಯ ತಮ್ಮ ವೀರೇಶ ಒಂದು ಭಾನುವಾರ ಸಿ.ಡಿ. ಹಿಡಿದು ಬಂದ. ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಆಟವಂತೆ.

"ಮಾವಾ, ಖರೇ ವಿಮಾನ ಎಷ್ಟು ಜೋರು ಹೋಗತೈತೋ ಇದೂ ಅಷ್ಟೇ ಹೋಗತೈತಿ. ಸದ್ದಿನ ಡಬಲ್ ಸ್ಪೀಡು!"

ಕಂಪ್ಯೂಟರ್ ನನ್ನ ಹೆಂಡತಿ ಗಿರಿಜಾಳದು. ಮನೆಯ ಮುಂದಿನ ಕೋಣೆಯಲ್ಲಿ ಅವಳು ಆರು ಹುಡುಗಿಯರಿಗೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು. ಮರುದಿನವೇ ಅದೇ ಕಂಪ್ಯೂಟರಿನಲ್ಲಿ ಅವರ ಪರೀಕ್ಷೆ. ಇದು ತಪ್ಪಿದರೆ ಮತ್ತೆ ಆರು ತಿಂಗಳು ಕಾಯಬೇಕು. ಅಷ್ಟರೊಳಗೆ ಅರ್ಧ ಹುಡುಗಿಯರ ಲಗ್ನ ಮಾಡಿ ಕಳಿಸಿಬಿಡುತ್ತಿದ್ದರು ಮನೆಯವರು. ಗಿರಿಜಾ ಸಾಲಗುಂದಕ್ಕೆ ತೊಟ್ಟಿಲ ಕಾರ್ಯಕ್ಕೆ ಹೊರಟಿದ್ದಳು. ಚಪ್ಪಲಿ ಮೆಟ್ಟುತ್ತಾ ತಿರುಗಿ ನೋಡಿದಳು.

"ಆಟ ಆಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಾ ಬರೂದ್ರಾಗ ಕಂಪ್ಯೂಟರ್ ಇದ್ದಂಗ ಇರಬೇಕ್ರಿ."

"ಮೋಟರ್ ರಿಪೇರಿ ಮಾಡಾವ ನಾನು. ನನಗ ಹೇಳ್ತೀಯೇನು?" ಎಂದೆ.

ಅವಳು ನಿಟ್ಟುಸಿರು ಬಿಟ್ಟು ಹೋದಳು.

ವಿಮಾನ ಏರಿತು! ಪರದೆಯ ಕೆಳಗೆ ಗಡಿಯಾರದಂಥ ಮೀಟರುಗಳ ಸಾಲು. ಪಕ್ಕದಲ್ಲಿ ಮೂರು ಹಸಿರು ದೀಪ. ನೋಡಿದ ಕೂಡಲೇ ನನಗೆ ತಿಳಿಯಿತು. ನಮ್ಮ ಪಂಪಸೆಟ್ಟಿನ ಪೆಟ್ಟಿಗೆಯಲ್ಲೂ ಮೂರೇ ದೀಪ. ಮೂರೂ ಉರಿದರೆ ಮೂರೂ ಫೇಸ್ ಕರೆಂಟು ಬಂದಿದೆ ಎಂದರ್ಥ. ಒಂದು ಆರಿದರೂ ಮೋಟರು ಸುಡುತ್ತದೆ.

ವೀರೇಶ ಯಾವುದೋ ಗುಂಡಿ ಒತ್ತಿದ. ಮೂರೂ ದೀಪ ಆರಿದವು. ನಾನು ಕುರ್ಚಿಯಿಂದ ಎದ್ದುಬಿಟ್ಟೆ.

"ಲೇ! ಫೇಸ್ ಹೋತಲೋ! ಹಚ್ಚು, ಮೊದಲು ದೀಪಾ ಹಚ್ಚು!"

ಅವನು ಹೆದರಿ ಅದೇ ಗುಂಡಿಯನ್ನು ಮತ್ತೆ ಒತ್ತಿದ. ದೀಪ ಹತ್ತಿದವು. ನನಗೆ ಸಮಾಧಾನ.

ಆದರೆ ವೇಗದ ಮುಳ್ಳು ಅರ್ಧಕ್ಕೇ ನಿಂತಿತು. ಎಷ್ಟು ಒತ್ತಿದರೂ ಮೇಲೇರದು. ಮೂರೂ ದೀಪ ಆರದಂತೆ ನೋಡಿಕೊಂಡು ಬೇರೆ ದೇಶದ ವಿಮಾನ ಹಾರಿಸಿದೆವು. ಅದೂ ಹಾಗೇ! ಇನ್ನೊಂದು. ಅದೂ ಹಾಗೇ! ಮೂರು ದೇಶಗಳ ವಾಯುಪಡೆಗಳು ಒಟ್ಟಿಗೆ ಕೈಕೊಟ್ಟರೆ ದೋಷ ವಿಮಾನದ್ದಲ್ಲ ಎಂದು ತೀರ್ಮಾನಿಸಿದೆ.

"ಲೋ ವೋಲ್ಟೇಜ್ ಐತೋ ವೀರೇಶಾ. ಸಾವಿರ ಮೋಟರ್ ನೋಡೀನಿ ನಾನು."

"ಆಟಕ್ಕೂ ವೋಲ್ಟೇಜಿಗೂ ಏನ್ ಸಂಬಂಧ ಮಾವಾ?"

"ಕರೆಂಟ್ ಇಲ್ದ ಹಾರತೈತೇನು?"

ಪಕ್ಕದ ಹಿಟ್ಟಿನ ಗಿರಣಿಯ ಜನರೇಟರಿನಿಂದ ವೈರು ಎಳೆದು ತಂದು ಕಂಪ್ಯೂಟರಿಗೆ ಜೋಡಿಸಿದೆ. ವೀರೇಶನನ್ನು ಪರದೆಯ ಮುಂದೆ ಕೂರಿಸಿ ನಾನು ಗಿರಣಿಯಲ್ಲಿ ನಿಂತೆ. ಕಿಟಕಿಯ ಮೂಲಕ ಮಾತುಕತೆ ನಡೆಯಿತು. ಜನರೇಟರಿನ ಎಕ್ಸಲರೇಟರ್ ಎಳೆದೆ.

"ಏರಿತೇನೋ?"

"ಇಲ್ಲ ಮಾವಾ!"

ಇನ್ನಷ್ಟು ಎಳೆದೆ. ಗಿರಣಿಯ ತಗಡು ನಡುಗಿತು.

"ಈಗ?"

"ಹೊಗಿ ಬರಾಕತ್ತೈತಿ ಮಾವಾ!"

"ಜೆಟ್ ಅಂದಮ್ಯಾಲ ಹಿಂದ ಹೊಗಿ ಬರೂದ!"

"ಜೆಟ್ಟಿಂದಲ್ಲ ಮಾವಾ, ಕಂಪ್ಯೂಟರ್ ಹಿಂದಿಂದ!"

ನಾನು ಓಡಿ ಬರುವಷ್ಟರಲ್ಲಿ ಪರದೆ ಕಪ್ಪಾಗಿತ್ತು. ಕೋಣೆಯ ತುಂಬ ಸುಟ್ಟ ಮೋಟರಿನ ವೈಂಡಿಂಗಿನಂಥ ವಾಸನೆ. ಆ ವಾಸನೆಯಲ್ಲಿ ಮಾತ್ರ ನಾನು ನಿಜವಾಗಿ ಪರಿಣತ.

ವೀರೇಶ ಆಗ ಸಿ.ಡಿ. ಜೊತೆಗಿದ್ದ ಪುಸ್ತಕ ತೆರೆದು ತಡವರಿಸುತ್ತಾ ಓದಿದ. "ಮಾವಾ, ಆ ಮೂರು ದೀಪ ಗಾಲೀವು ಅಂತ. ಗಾಲಿ ಹೊರಗಿದ್ರ ಉರಿತಾವಂತ. ಏರಿದ ಮ್ಯಾಲ ಒಳಗ ಮಡಚಬೇಕಂತ, ಇಲ್ಲಾಂದ್ರ ಸ್ಪೀಡ್ ಏರಂಗಿಲ್ಲಂತ."

ಮೂರು ದೇಶಗಳ ಜೆಟ್ಟುಗಳನ್ನು ನಾನು ಗಾಲಿ ಇಳಿಬಿಟ್ಟು ಎತ್ತಿನ ಬಂಡಿಯಂತೆ ಓಡಿಸಿದ್ದೆ!

ಸಂಜೆ ಗಿರಿಜಾ ಬಂದಳು. ಕಂಪ್ಯೂಟರನ್ನು ನೋಡಿದಳು. ಬೈಯಲಿಲ್ಲ. ಮಂಚದ ಮೇಲೆ ಕೂತು ಕಣ್ಣೊರೆಸಿಕೊಂಡಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನಗೆ ನಾಚಿಕೆಯಾಯಿತು. ಆಮೇಲೆ ಅವಳೇ ಎದ್ದು ಹೋಗಿ ಲಿಂಗಸುಗೂರಿನ ಕಂಪ್ಯೂಟರ್ ಸೆಂಟರಿಗೆ ಫೋನು ಮಾಡಿ ಬಂದಳು.

"ಹನ್ನೊಂದರೊಳಗ ಬಂದ್ರ ಅಲ್ಲೇ ಪರೀಕ್ಷಾ ಬರಸ್ತಾರಂತ. ಮುಂಜಾನೆ ಗಾಡಿ ತೆಗೀರಿ."

ಬೆಳಗ್ಗೆ ಮೋಟರು ಸಾಗಿಸುವ ನನ್ನ ಟೆಂಪೋದಲ್ಲಿ ಆರು ಹುಡುಗಿಯರು, ಗಿರಿಜಾ, ನಾನು. ಮಸ್ಕಿಯ ಈಚೆ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ರಸ್ತೆ ತುಂಬ ಹರಡಿಕೊಂಡು ಹೊರಟಿತ್ತು. ಹಾರ್ನು ಹೊಡೆದೆ, ಕೈಮುಗಿದೆ, ಕೊನೆಗೆ ಅದನ್ನು ದಾಟುವ ಭರದಲ್ಲಿ ರಸ್ತೆ ಬಿಟ್ಟು ಇಳಿಜಾರಿಗೆ ನುಗ್ಗಿಸಿದೆ. ಹಿಂದೆ ಆರು ಕಂಠಗಳು ಒಮ್ಮೆಲೇ "ಯವ್ವಾ!" ಎಂದವು.

ಹೇಗೋ ಮತ್ತೆ ರಸ್ತೆ ಹತ್ತಿ, ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಪರೀಕ್ಷೆ ಮುಗಿಸಿ ಹುಡುಗಿಯರು ನಗುತ್ತಾ ಹೊರಬಂದರು. ಗಿರಿಜಾಳ ಮುಖವೂ ಸಡಿಲಾಗಿತ್ತು. ನನಗೆ ಧೈರ್ಯ ಬಂದು, ಮೆಲ್ಲಗೆ ಕೇಳಿದೆ.

"ಗಾಲಿ ಮಡಚಿದ್ರ ಎಷ್ಟು ಹೋಗತಿತ್ತೋ ಏನೋ. ಇಲ್ಲಿನ ಕಂಪ್ಯೂಟರಿನ್ಯಾಗ ಆ ಆಟ ಇರಬೌದೇನು?"

ಗಿರಿಜಾ ಹುಡುಗಿಯರತ್ತ ತಿರುಗಿದಳು.

"ನಡೀರಿವ್ವಾ, ಸಿಂಧನೂರು ಬಸ್ ಬಂದೈತಿ."

ಏಳೂ ಜನ ಬಸ್ಸು ಹತ್ತಿ ಹೋದರು. ನಾನು ಖಾಲಿ ಟೆಂಪೋ ಹೊಡೆದುಕೊಂಡು ಹಿಂದೆ ಬಂದೆ. ದಾರಿಯುದ್ದಕ್ಕೂ ಆ ಬಸ್ಸನ್ನು ದಾಟಲು ನನ್ನಿಂದ ಆಗಲಿಲ್ಲ.